ಅಪ್ಪನ ತಬಲಾ, ನನ್ನ ಕೈ

ಹೋದ ತಿಂಗಳು ವಾದ್ಯಕ್ಕೆ ಬೇಕಾದ ಹಲಸಿನ ದಿಮ್ಮಿ ನೋಡಲೆಂದು ಗುಂಜಿಗೆ ಹೋಗಿದ್ದೆ. ಬರುವಾಗ ರೈಲು ತಡ. ಮಳೆಯೆಂದರೆ ಆ ಕಾಡಿನಂಚಿನ ಮಳೆ. ಮೇಲಿನಿಂದ ಬೀಳುತ್ತದೋ ನೆಲದಿಂದ ಏಳುತ್ತದೋ ತಿಳಿಯುವುದಿಲ್ಲ. ಸ್ಟೇಶನ್ನಿನ ಶೆಡ್ಡಿನ ಕೆಳಗೆ ಒಂದು ಭಜನಿ ಮಂಡಳಿಯವರು ಕುಳಿತಿದ್ದರು. ಅವರ ಮೃದಂಗ ಗೊಬ್ಬರದ ಚೀಲದೊಳಗೆ ಸುತ್ತಿಕೊಂಡು, ನಿದ್ದೆ ಹತ್ತಿದ ಕೂಸಿನ ಹಾಗೆ ಒಬ್ಬಾತನ ತೊಡೆಯ ಮೇಲಿತ್ತು. ಗಾಳಿಯಾಡಲೆಂದು ಆತ ಚೀಲ ಬಿಚ್ಚಿದ. ನೆನೆದ ಚರ್ಮದ ವಾಸನೆ ಶೆಡ್ಡಿನ ತುಂಬ ಹರಡಿತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು ಆ ಕಡೆ ಸರಿದಳು. ನಾನು ಈ ಕಡೆ ಸರಿದೆ, ಮೃದಂಗದ ಹತ್ತಿರಕ್ಕೆ.

ಬಹಳ ಮಂದಿಗೆ ಅದು ದುರ್ವಾಸನೆ. ನನಗೆ ಅದು ಒಂದು ಮಳೆಗಾಲ, ಖಾನಾಪುರದಲ್ಲಿ ಕಳೆದ ನನ್ನ ಮೊದಲ ಮಳೆಗಾಲ. ಅದರ ಬಗ್ಗೆ ನಮ್ಮ ಬಳಗದವರು ಇವತ್ತಿಗೂ ಪಿಸುದನಿಯಲ್ಲಿ ಮಾತಾಡುತ್ತಾರೆ, ಮನೆಯವರು ಯಾರೋ ಜೈಲು ಕಂಡು ಬಂದ ಹಾಗೆ. ಪಿಸುಗುಟ್ಟುವಂಥದ್ದು ಅದರಲ್ಲಿ ಏನೂ ಇಲ್ಲ. ಆದ್ದರಿಂದ ಗಟ್ಟಿಯಾಗಿಯೇ ಹೇಳುತ್ತೇನೆ. ಕೊನೆಗೆ ಅಪ್ಪ ಮಗಳು ತಬ್ಬಿಕೊಂಡು ಅತ್ತರು ಎಂದು ಕೇಳುವ ಆಸೆ ಇದ್ದವರು ಈಗಲೇ ಎದ್ದು ಚಹಾಕ್ಕೆ ಹೋಗಬಹುದು.

ನನ್ನ ಅಪ್ಪ ಪಂಡಿತ ವೀರಭದ್ರಪ್ಪ. ತಬಲಾ ಬಲ್ಲವರಿಗೆ ಅಷ್ಟು ಹೇಳಿದರೆ ಸಾಕು. ಉಳಿದವರಿಗೆ ಹೇಳುವುದಾದರೆ, ಬೆಳಗಾವಿಯಲ್ಲಿ ರಿಕ್ಷಾ ಹತ್ತಿ ಅವರ ಹೆಸರು ಹೇಳಿದರೆ, ಓಣಿ ಯಾವುದೆಂದು ಕೇಳದೆ ಖಾಸಬಾಗದ ನಮ್ಮ ಬಾಗಿಲಿಗೆ ತಂದು ಇಳಿಸುತ್ತಾರೆ. 'ವೀರಭದ್ರಪ್ಪ ಇದ್ದರೆ ಹಾಡುತ್ತೇನೆ' ಎಂದು ದೊಡ್ಡ ದೊಡ್ಡ ಗಾಯಕರು ಹಟ ಹಿಡಿದ ಕಾಲವಿತ್ತು. ನಮ್ಮ ಓಣಿಯಲ್ಲಿ ಹಗಲೆಲ್ಲ ಮಗ್ಗಗಳ ಸದ್ದು. ಅಪ್ಪ ಶಿಷ್ಯರನ್ನು ಕಿಟಕಿಯ ಬಳಿಯೇ ಕೂರಿಸಿ ಕಲಿಸುತ್ತಿದ್ದರು. ತಾಳ ತಪ್ಪಿದರೆ, "ಮಗ್ಗ ಎಂದಾರ ತಪ್ಪತೈತೇನು? ಕಬ್ಬಿಣಕ್ಕ ಬರೂದು ನಿನಗ ಬರಂಗಿಲ್ಲೇನು?" ಎಂದು ಬೈಯುತ್ತಿದ್ದರು.

ನಾನೂ ಆ ಕಿಟಕಿಯ ಬಳಿಯೇ ಕಲಿತವಳು, ಐದನೆಯ ವರ್ಷದಿಂದ ಹದಿನೈದರ ತನಕ. ಗುರುವೂ ಅವರೇ ಆದ್ದರಿಂದ ಅಪ್ಪನ ಜೊತೆ ನಾನು ಯಾವತ್ತೂ ಬಹುವಚನದಲ್ಲಿಯೇ ಮಾತಾಡಿದ್ದು. ಹದಿನೈದಕ್ಕೆ ಕಲಿಸುವುದನ್ನು ನಿಲ್ಲಿಸಿದರು. ಕಾರಣ ಹೇಳಲಿಲ್ಲ, ಹೇಳುವ ಅಗತ್ಯವಿದೆ ಎಂದು ಮನೆಯಲ್ಲಿ ಯಾರಿಗೂ ಅನಿಸಲೂ ಇಲ್ಲ. ನನ್ನ ಜಾಗದಲ್ಲಿ ಗಂಡು ಶಿಷ್ಯರು ಕುಳಿತರು. ನನಗೆ ಅವರ ತಬಲಾಗಳನ್ನು ಶ್ರುತಿಗೆ ಕೂಡಿಸಿ ಕೊಡುವ ಕೆಲಸ ಉಳಿಯಿತು. ಸಾರಿನ ಉಪ್ಪು ನೋಡು, ಊಟಕ್ಕೆ ಕೂರಬೇಡ ಎಂದ ಹಾಗೆ.

ತಬಲಾದ ಮುಖಕ್ಕೆ ಚರ್ಮ ಕಟ್ಟುವವರು ಖಾನಾಪುರದ ದಸ್ತಗೀರ ಚಾಚಾ. ಮೂವತ್ತು ವರ್ಷ ಅಪ್ಪ ಬಾರಿಸಿದ್ದೆಲ್ಲ ಅವರು ಕಟ್ಟಿದ ಚರ್ಮವನ್ನೇ. ಅವರು ಬಂದರೆ ನಮ್ಮಲ್ಲಿ ಒಂದು ಪದ್ಧತಿ. ಚಾಚಾ ಹೊರಗಿನ ಕಟ್ಟೆಯ ಮೇಲೆ ಕೂರಬೇಕು. ತಬಲಾವನ್ನೂ ಕಟ್ಟೆಯ ಮೇಲೆ ಇಡಬೇಕು. ಕೈಯಿಂದ ಕೈಗೆ ಕೊಡುವಂತಿಲ್ಲ. ಅಪ್ಪ ವಿಭೂತಿ ಹಿಡಿದು ಹೊರಬಂದು, ತಬಲಾದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಅಂಚಿಗೆ ವಿಭೂತಿ ಹಚ್ಚಿ ಒಳಗೆ ಒಯ್ಯುತ್ತಿದ್ದರು. ಹೊಸ್ತಿಲು ದಾಟಿದ ಮೇಲೆ ಅದು ದೇವರು. ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳಬೇಕು. ಅದನ್ನು ಮಾಡಿದ ಮನುಷ್ಯ ಮಾತ್ರ ಹೊರಗೇ ಕುಳಿತು, ಕಿಟಕಿಯಲ್ಲಿ ಬೇರೆಯಾಗಿ ಇಟ್ಟ ಬಟ್ಟಲಿನಲ್ಲಿ ಚಹಾ ಕುಡಿದು ಬಸ್ಸು ಹಿಡಿಯುತ್ತಿದ್ದ. ಇಷ್ಟೆಲ್ಲ ನಡೆದದ್ದು ವರ್ಷ ವರ್ಷ ಬಸವ ಜಯಂತಿಯ ವೇದಿಕೆ ಹತ್ತಿ ಕಾಯಕದ ಮೇಲೆ ಮಾತಾಡುವವರ ಮನೆಯಲ್ಲಿ.

ಚಾಚಾರ ಕಣ್ಣಿಗೆ ಪೊರೆ ಬಂದು ಓಡಾಟ ಕಷ್ಟವಾದಾಗ, ರಿಪೇರಿಯ ತಬಲಾಗಳನ್ನು ಖಾನಾಪುರಕ್ಕೆ ಒಯ್ದು ತರುವ ಕೆಲಸ ನನಗೆ ಬಂತು. ಮೊದಲು ಕುಳಿತು ನೋಡಿದೆ. ಆಮೇಲೆ ಅವರಿಗೆ ಕಾಣದ್ದನ್ನು ನೋಡಿ ಹೇಳಿದೆ. ಆಮೇಲೆ ಕೈ ಹಚ್ಚಿದೆ. ಎರಡು ವರ್ಷ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಒಂದು ದೀಪಾವಳಿಗೆ ಚಾಚಾ ತಾವೇ ಹೊಸ ತಬಲಾ ತಂದರು. ಅಪ್ಪ ವಿಭೂತಿ ಹಚ್ಚಿ, ತಡೆಯಲಾರದೆ ಹೊಸ್ತಿಲಲ್ಲಿಯೇ ಕುಳಿತು ಒಂದು ಏಟು ಹಾಕಿದರು. ಕಣ್ಣು ಮುಚ್ಚಿದರು. ಇನ್ನೊಂದು ಹಾಕಿದರು. ಶಿಷ್ಯರ ಕಡೆ ತಿರುಗಿ, "ಕೇಳ್ರಿ. ಮುದುಕನ ಕೈಗೆ ಈಗ ಹರೇ ಬಂದೈತಿ," ಎಂದರು.

ಚಾಚಾ ಸುಳ್ಳು ಹೇಳಲಾರದ ಮನುಷ್ಯ. "ಅದು ನನ್ನ ಕೈ ಅಲ್ರಿ ಪಂಡಿತ್ರ. ನಿಮ್ಮ ಮಗಳ ಕೈ."

ಅಪ್ಪ ತಬಲಾದಿಂದ ಕೈ ತೆಗೆದದ್ದನ್ನು ನೋಡಬೇಕಿತ್ತು, ಕಾದ ಹಂಚು ಮುಟ್ಟಿದವರ ಹಾಗೆ. ಶಿಷ್ಯರನ್ನು ಒಳಗೆ ಕಳಿಸಿದರು.

"ಖರೇ ಏನು?"

"ಖರೇ ರೀ," ಎಂದೆ.

"ಮಂದಿ ಏನಂದಾರು? ಪಂಡಿತನ ಮಗಳು ಚರ್ಮಾ ತಿಕ್ಕತಾಳ ಅಂತಾರು."

"ಪಂಡಿತ ಚರ್ಮಾ ಬಡೀತಾನ ಅಂತ ಇಷ್ಟ ದಿನಾ ಯಾರೂ ಅಂದಿಲ್ಲಲ್ರಿ."

ಹೆಚ್ಚಾಯಿತು ಎಂದು ಬಾಗಿಲ ಸಂದಿಯಲ್ಲಿದ್ದ ಅವ್ವನ ಮುಖ ಹೇಳಿತು. ಹೆಚ್ಚಾಗಿರಲಿಲ್ಲ, ಹದಿನೈದು ವರ್ಷ ತಡವಾಗಿತ್ತು, ಅಷ್ಟೇ. ಅಪ್ಪ ದನಿ ಏರಿಸಲಿಲ್ಲ. "ಈ ಮನಿ ಬೇಕೋ, ಆ ಅಂಗಡಿ ಬೇಕೋ, ಒಂದ ಹೇಳು," ಎಂದರು. ನಾನು ಒಳಗೆ ಹೋಗಿ ಚೀಲ ತುಂಬಿಕೊಂಡೆ. ಬೇಡ ಬೇಟಿ, ಬೇಡ ಬೇಟಿ ಎಂದು ಚಾಚಾ ಬಸ್‌ಸ್ಟ್ಯಾಂಡಿನ ತನಕ ಹೇಳುತ್ತಲೇ ಬಂದರು. ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಮಾತ್ರ ನನಗೇ ಬಿಟ್ಟುಕೊಟ್ಟರು.

ಆ ಹೊಸ ತಬಲಾವನ್ನು ಅಪ್ಪ ಬಟ್ಟೆ ಸುತ್ತಿಸಿ ಅಟ್ಟಕ್ಕೆ ಹಾಕಿಸಿದರೆಂದು ಆಮೇಲೆ ತಿಳಿಯಿತು.

ಹೀಗೆ ನಾನು ಖಾನಾಪುರದವಳಾದೆ. ಚಾಚಾರ ಮನೆಯ ಹಿಂದಿನ ಹಂಚಿನ ಖೋಲಿ ನನ್ನದಾಯಿತು. ಚಳಿಗಾಲ ಹೇಗೋ ಕಳೆಯಿತು, ಬೇಸಿಗೆಯಲ್ಲಿ ಕೆಲಸ ಕೈಗೆ ಹತ್ತಿತು. ಜೂನ್ ಬಂತು, ಮಳೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಮಲಪ್ರಭೆ ಮಣ್ಣಿನ ಬಣ್ಣಕ್ಕೆ ತಿರುಗಿ ದಂಡೆಯ ಪೊದೆಗಳನ್ನೆಲ್ಲ ನುಂಗಿ ಹರಿಯುತ್ತಿತ್ತು. ಹಾಸಿಗೆ, ಅನ್ನ, ಬೆಂಕಿಪೊಟ್ಟಣ, ಎಲ್ಲಕ್ಕೂ ತೇವ. ಬೇರೆ ಊರಿನಲ್ಲಿ ನಮ್ಮ ಕಸುಬಿನವರು ಮಳೆಗಾಲದಲ್ಲಿ ಕೈ ಕಟ್ಟಿ ಕೂರುತ್ತಾರೆ, ಚರ್ಮ ಒಣಗುವುದಿಲ್ಲ. ಖಾನಾಪುರದಲ್ಲಿ ಉಲ್ಟಾ. ಆಷಾಢದ ಏಕಾದಶಿ, ಅದರ ಬೆನ್ನಿಗೆ ಶ್ರಾವಣ. ಹಳ್ಳಿ ಹಳ್ಳಿಯ ಭಜನಿ ಮಂಡಳಿಗಳಿಗೆ ವರ್ಷವೆಲ್ಲ ಮೂಲೆಯಲ್ಲಿದ್ದ ಮೃದಂಗ ಆಗಲೇ ನೆನಪಾಗುವುದು. ಮರಾಠಿಯವರು ಬರುತ್ತಿದ್ದರು, ಕನ್ನಡದವರು ಬರುತ್ತಿದ್ದರು. ಎರಡೂ ಭಾಷೆಯಲ್ಲಿ ಮಾತು ಒಂದೇ: ನಾಳೆಗೆ ಬೇಕು.

ಒಬ್ಬ ಹಿರಿಯರು ನಾನು ಚರ್ಮ ಬಿಗಿಯುವುದನ್ನು ಬಹಳ ಹೊತ್ತು ನೋಡಿ ಚಾಚಾರಿಗೆ ಕೇಳಿದರು, "ಹೆಣ್ಮಗಳ ಕಟ್ಟಿದ ಮೃದಂಗ ವಿಠ್ಠಲಗ ನಡೀತೈತೇನ್ರಿ?"

ಚಾಚಾ ತಲೆ ಎತ್ತಲಿಲ್ಲ. "ವಿಠ್ಠಲನ ಬಾಜೂಕ ಸೊಂಟದ ಮ್ಯಾಲ ಕೈ ಇಟಗೊಂಡ ನಿಂತಾಕಿ ಯಾರ್ರಿ ಮತ್ತ? ಆಕಿನ್ನ ಕೇಳಕೊಂಡ ಬರ್ರಿ. ಅಲ್ಲೀತನಕ ಈಕಿ ಕಟ್ಟತಾಳ."

ಚಾಚಿಯ ಬಾಯಿ ಇನ್ನೂ ಚುರುಕು. ನಾನು ಅಂಗಳದಲ್ಲಿ ಹಂಚಿನಿಂದ ಸುರಿಯುವ ನೀರಿಗೆ ಚರ್ಮ ಹಿಡಿದು ತೊಳೆಯುತ್ತಿದ್ದರೆ, ಬಾಗಿಲಲ್ಲಿ ಕುಳಿತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ನೋಡ್ರಿ, ಪಂಡಿತರ ಮಗಳು ಚರ್ಮಾ ತಿಕ್ಕತಾಳ, ನನ್ನ ಸೊಸಿ ಗೋಕಾಕದಾಗ ಕುಂತು ಫೋನ್ ತಿಕ್ಕತಾಳ. ದುನಿಯಾ ಬೋರಲ ಬಿದ್ದೈತಿ."

ತಬಲಾದ ನಡುವೆ ಇರುವ ಕರಿಯ ಬಿಲ್ಲೆಗೆ ಶಾಯಿ ಎನ್ನುತ್ತೇವೆ. ಬರೆಯುವ ಶಾಯಿಯಲ್ಲ, ಕಬ್ಬಿಣದ ನುಣ್ಣನೆಯ ಪುಡಿಗೆ ಬೇಯಿಸಿದ ಹಿಟ್ಟಿನ ಅಂಟು ಕಲಸಿದ ಮುದ್ದೆ. ಉಗುರಿನಷ್ಟು ತೆಳ್ಳಗೆ ಒಂದು ಪದರ ಬಳಿಯಬೇಕು. ಅರೆ ಒಣಗಿದಾಗ ನುಣುಪು ಕಲ್ಲಿನಿಂದ ತಿಕ್ಕಬೇಕು. ಮತ್ತೆ ಪದರ, ಮತ್ತೆ ಕಲ್ಲು. ಹೀಗೆ ದಿನಗಟ್ಟಲೆ. ಆಮೇಲೆ ಅದು ಮಾತಾಡುತ್ತದೆ. ಮಳೆಗಾಲದಲ್ಲಿ ಅರೆ ಒಣಗುವುದೇ ದೊಡ್ಡ ಮಾತು. ಚಾಚಾರ ಉಪಾಯವೆಂದರೆ ಬಾಣಂತಿಯ ಮನೆಯಲ್ಲಿ ಕೂಸಿನ ಬಟ್ಟೆ ಒಣಗಿಸುವಂಥದ್ದು. ಒಲೆಯ ಕೆಂಡ ಹರಡಿ, ಮೇಲೆ ಬೂದಿ ಮುಚ್ಚಿ, ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಬೆನ್ನ ಮೇಲೆ ತಬಲಾ ಇಡುವುದು. ಬುಟ್ಟಿಯ ಮೇಲೆ ಅಂಗೈ ಇಟ್ಟರೆ ಜ್ವರ ಬಿಟ್ಟ ಮೈಯಷ್ಟು 'ಬೆಚ್ಚಗ' ಇರಬೇಕು, ಅದಕ್ಕಿಂತ ಹೆಚ್ಚಲ್ಲ ಎನ್ನುತ್ತಿದ್ದರು.

ಆಷಾಢ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕೊಡೆ ಮಡಚಿದವರನ್ನು ನೋಡಿದರೆ ಅವ್ವ. ಒಬ್ಬಳೇ ಬಸ್ಸು ಹತ್ತಿ ಎಲ್ಲಿಗೂ ಹೋದವಳಲ್ಲ. ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಗಂಟು. ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ಸಂದಿಯೆಲ್ಲ ಕಪ್ಪು, ಉಗುರು ಮೊಂಡು.

"ಹೊಟ್ಟಿತುಂಬ ಉಣ್ಣತೀಯೋ ಇಲ್ಲೋ?"

"ಚಾಚಿ ಬಿಡಬೇಕಲ್ಲವ್ವಾ ಉಣ್ಣದಂಗ."

ಚಾಚಿ ಚಹಾ ತಂದಳು. ಅವ್ವ ಒಂದು ಗಳಿಗೆ ಬಟ್ಟಲನ್ನು ನೋಡಿದಳು. ಕುಡಿದಳು. ಇನ್ನರ್ಧ ಬಟ್ಟಲು ಕೇಳಿ ಹಾಕಿಸಿಕೊಂಡಳು. ಆಮೇಲೆ ಗಂಟು ಬಿಚ್ಚಿದಳು.

ಅಪ್ಪನಿಗೆ ಅವರ ಗುರುಗಳು ಕೊಟ್ಟಿದ್ದ ಹಳೆಯ ತಬಲಾ. ನಮ್ಮ ಮನೆಯಲ್ಲಿ ದೇವರ ಜಗಲಿಯ ಲಿಂಗದ ನಂತರ ಅದಕ್ಕೇ ಮರ್ಯಾದೆ. ಮುಖದ ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು. ಚಾಚಾ ಸೀಳಿನ ಮೇಲೆ ಬೆರಳಾಡಿಸಿ ಏನೋ ಗೊಣಗಿದರು.

"ಶ್ರಾವಣದಾಗ ನಿಮ್ಮಪ್ಪಗ ದೊಡ್ಡ ಸತ್ಕಾರ ಇಟ್ಟಾರ," ಎಂದಳು ಅವ್ವ. "ಗುರುಗಳ ತಬಲಾನ ಬಾರಸ್ತೀನಿ ಅಂತ ಹಟಾ ಹಿಡದಾರ. ಮಿರಜಿಗೆ ರಿಪೇರಿಗೆ ಕಳಸತೀನಿ ಅಂತ ಹೇಳಿ ತಂದೀನಿ. ನೀ ಮಾಡಿಕೊಡು. ಯಾರಿಗೂ ಗೊತ್ತಾಗೂದು ಬ್ಯಾಡ."

"ನಾ ಏನ ಕಳವ ಮಾಡಾಕತ್ತೀನೇನವ್ವಾ, ಯಾರಿಗೂ ಗೊತ್ತಾಗದಂಗ ಮಾಡಾಕ?"

"ಹಂಗಲ್ಲ ಸುವರ್ಣಾ. ಅವರ ಸ್ವಭಾವ ನಿನಗ ಗೊತ್ತೈತೆಲ್ಲ."

"ನನ್ನ ಸ್ವಭಾವ ಅವರಿಗೂ ಗೊತ್ತಾಗ್ಲಿ. ಮಾಡ್ತೀನಿ. ಯಾರ ಮಾಡಾಕತ್ತಾರ ಅಂತ ಇವತ್ತ ಹೋಗಿ ಹೇಳು. ಬಂದು ನನ್ನ ಕೈಯಿಂದ ತಗೊಂಡ ಹೋಗ್ಲಿ. ಬ್ಯಾಡಂದ್ರ ಬ್ಯಾರೆ ತಬಲಾ ಬಾರಸ್ಲಿ."

"ಆ ಸಿಟ್ಟು ಅವರ ಮೂಗಿನ ಮ್ಯಾಲಿತ್ತು. ನಿನ್ನ ಮೂಗಿಗೆ ಯಾವಾಗ ಬಂತವ್ವಾ?" ಎಂದು ಅವ್ವ ಕೊಡೆ ಬಿಚ್ಚಿದಳು. ಬೈದಳೋ ಮೆಚ್ಚಿದಳೋ ನನಗೆ ಇಂದಿಗೂ ತಿಳಿದಿಲ್ಲ. ತಬಲಾವನ್ನಂತೂ ಬಿಟ್ಟುಹೋದಳು.

ಆವತ್ತಿನಿಂದ ನನಗೆ ಬೇರೆ ಕೆಲಸ ಕಾಣಲಿಲ್ಲ. ಚರ್ಮ ಆರಿಸಿದೆ, ಮತ್ತೆ ಆರಿಸಿದೆ. ಶಾಯಿ ಕಲಸಿದ್ದನ್ನು ಎರಡು ಸಲ ಚೆಲ್ಲಿದೆ. ಪದರದ ಮೇಲೆ ಪದರ ಏರಿತು. ಕಲ್ಲಿನಿಂದ ತಿಕ್ಕುವಾಗಲೆಲ್ಲ ಮನಸ್ಸಿನಲ್ಲಿ ಒಂದೇ ಚಿತ್ರ: ಸಭೆ, ದೀಪ, ಅಪ್ಪನ ಮೊದಲ ಏಟು, ಎದ್ದು ಕೇಳುವ ಮಂದಿ. ಹನ್ನೊಂದನೆಯ ದಿನ ಮಳೆ ಜೋರಾಗಿತ್ತು, ಪದರ ಒಣಗಲೊಲ್ಲದು. ಇನ್ನೇನು ಎರಡು ಪದರ ಬಾಕಿ. ನಾನು ಕೆಂಡದ ಮೇಲಿನ ಬೂದಿ ಸರಿಸಿದೆ, ಬುಟ್ಟಿ ಇನ್ನಷ್ಟು ಬೇಗ ಕಾಯಲೆಂದು. ಅಂಗೈ ಇಟ್ಟು ನೋಡಲಿಲ್ಲ. ಚಾಚಿ ಕರೆದಳೆಂದು ಅಡಿಗೆಮನೆಗೆ ಹೋಗಿ ಬರುವಷ್ಟರಲ್ಲಿ ಚಟ್ ಎಂದಿತು. ಶಾಯಿಯ ಇಡೀ ಬಿಲ್ಲೆ ಚರ್ಮದಿಂದ ಎದ್ದು, ಸುಟ್ಟ ರೊಟ್ಟಿಯ ಹಾಗೆ ಡುಬ್ಬಾಗಿ ಕುಳಿತಿತ್ತು.

ಚಾಚಾ ಬಂದು ಬೆರಳಿನಿಂದ ಅದನ್ನು ಎತ್ತಿ ತೆಗೆದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಇದನ್ನ ಯಾರಿಗೆ ಮಾಡಿದಿ ಬೇಟಿ?"

"ಅಪ್ಪಗ."

"ಅಲ್ಲ. ಅಪ್ಪಗ ತೋರಸಾಕ ಮಾಡಿದಿ. ತೋರಸೂದು ಬಿಡು. ತಬಲಾ ಮಾಡು."

ಮರುದಿನ ಬೆಳಿಗ್ಗೆ ಹೊಸ ಚರ್ಮ ನೆನೆಹಾಕಿದೆ. ಈ ಸಲ ಸಭೆಯೂ ಕಾಣಲಿಲ್ಲ, ದೀಪವೂ ಕಾಣಲಿಲ್ಲ. ಎದುರಿಗಿದ್ದದ್ದು ಒಂದು ತಬಲಾ ಮಾತ್ರ, ಯಾರದೋ ಒಬ್ಬರದು. ಪದರ ಒಣಗುವ ತನಕ ಕಾದೆ. ಕಾಯುವಾಗ ಭಜನಿಯವರ ಮೃದಂಗಕ್ಕೆ ಹಗ್ಗ ಬಿಗಿದೆ. ಕೊನೆಯ ಪದರ ತಿಕ್ಕಿ ಮುಗಿಸಿ ಒಂದು ಏಟು ಹಾಕಿದಾಗ ಚಾಚಾ ಒಳಮನೆಯಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಅವರಿಂದ ಅದಕ್ಕಿಂತ ದೊಡ್ಡ ಪದವಿ ಸಿಗುವುದಿಲ್ಲ.

ಸತ್ಕಾರಕ್ಕೆ ನಾಲ್ಕು ದಿನವಿತ್ತು. ಕೆಲಸ ಮುಗಿಯಿತೆಂದು ಅವ್ವನಿಗೆ ತಿಳಿಸಿದ್ದೆ, ಆದರೆ ಅಪ್ಪ ಬರುವ ಸುದ್ದಿಯಿರಲಿಲ್ಲ. ಸಂಜೆ ಫೋನು ಬಂತು. ಒಂಬತ್ತು ತಿಂಗಳ ನಂತರ ಅಪ್ಪನ ದನಿ. ಹೇಗಿದ್ದೀ ಎಂದು ಅವರು ಕೇಳಲಿಲ್ಲ, ಹೇಗಿದ್ದೀರಿ ಎಂದು ನಾನೂ ಕೇಳಲಿಲ್ಲ.

"ತಬಲಾ ಆತಂತಲ್ಲ. ಕಳಸು."

"ಬಂದು ಒಯ್ರಿ."

"ನಾ ಯಾರಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ. ನನ್ನ ಕಡೆ ತಬಲಾ ರಿಪೇರಿಗೆ ಹಾಕಿದವ್ರು."

ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು. ನಾನು ಗೆದ್ದವಳ ಹಾಗೆ ಫೋನು ಕೆಳಗಿಟ್ಟು ತಿರುಗಿದರೆ ಚಾಚಾರ ಮುಖ ಗಂಟಿಕ್ಕಿತ್ತು.

"ಕಚೇರಿ ಇದ್ದವನ ವಾದ್ಯ ಹಿಡದ ಇಟಗೋಬಾರದು," ಎಂದರು. "ಅಪ್ಪನ ಜೋಡಿ ಜಗಳಾ ಆಡಬೇಕೋ, ಆಡು. ನಾ ಬ್ಯಾಡನ್ನಂಗಿಲ್ಲ. ತಬಲಾನ ನಡಕ ಎಳೀಬ್ಯಾಡ. ಹಿಂಗ ಇಟಗೊಂಡ ಕುಂತವನ ಅಂಗಡಿಗೆ ಯಾರೂ ಬರಬಾರದು. ನಾನ ಬರಂಗಿಲ್ಲ."

"ಕಟ್ಟಿ ಮ್ಯಾಲ ಇಟ್ಟ ಬರಾಕ ನಾ ಒಯ್ಯಂಗಿಲ್ರಿ ಚಾಚಾ. ಮೂವತ್ತ ವರ್ಷ ನೀವ ಇಟ್ಟದ್ದ ಸಾಕು."

ಚಾಚಾ ಗಡ್ಡ ನೀವಿಕೊಂಡರು. "ಇಡಬ್ಯಾಡ," ಎಂದರು. "ಕೈಯಾಗ ಹಿಡಕೊಂಡ ಕುಂದ್ರು."

ಮರುದಿನ ರವಿವಾರ, ಖಾಸಬಾಗದ ಸಂತೆ. ನಮ್ಮ ಓಣಿಯ ಬಾಯಿಯ ತನಕ ಕಾಯಿಪಲ್ಲೆಯವರು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂರುತ್ತಾರೆ. ಜಿಟಿಜಿಟಿ ಮಳೆ, ಕಾಲ ಕೆಳಗೆ ಕೊತ್ತಂಬರಿ ಕಸ. ಚಾಚಾ ನನ್ನ ಹೆಗಲು ಹಿಡಿದು ನಡೆದರು, ನಾನು ತಬಲಾವನ್ನು ಎದೆಗವಚಿಕೊಂಡು ನಡೆದೆ. ಒಳಗೆ ಪಾಠ ನಡೆದಿತ್ತು. ನಮ್ಮನ್ನು ಕಿಟಕಿಯಿಂದ ಕಂಡು ಪಾಠ ನಿಂತಿತು. ಅಪ್ಪ ಹೊಸ್ತಿಲಿಗೆ ಬಂದರು. ಸೊರಗಿದ್ದರು. ಅದನ್ನು ನೋಡಿ ಕರಗಬಾರದೆಂದು ನಾನು ಅವರ ಕೈಗಳನ್ನಷ್ಟೇ ನೋಡಿದೆ.

"ಅಲ್ಲೆ ಕಟ್ಟಿ ಮ್ಯಾಲ ಇಡು," ಎಂದರು.

"ಇಡಂಗಿಲ್ರಿ. ಕೈಯಾಗ ತಗೊಳ್ರಿ."

"ಪದ್ಧತಿ ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ಅದನ್ನ ಬಿಡಸಾಕ ಬಂದೀನಿ."

ಅಪ್ಪ ತಿರುಗಿ ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿತು. ನಾನು ಚಾಚಾರ ಬದಿಗೆ ಕಟ್ಟೆಯ ಮೇಲೆ ಕುಳಿತೆ, ತಬಲಾ ತೊಡೆಯ ಮೇಲೆ. ಅರ್ಧ ತಾಸು ಹಾಗೆಯೇ ಕುಳಿತಿದ್ದೆವು. ಎದುರಿಗೆ ಕೊತ್ತಂಬರಿ ಮಾರುವ ಕಲ್ಲವ್ವ ನನ್ನನ್ನು ಫ್ರಾಕಿನಲ್ಲಿ ಕಂಡವಳು. ಅವಳಿಗೆ ತಡೆಯಲಾಗಲಿಲ್ಲ.

"ಯಾಕ ಪಂಡಿತರ ಮಗಳ, ತಿಂಗಳಗಟ್ಟಲೆ ಕಾಣಲಿಲ್ಲ, ಬಂದಾಕಿ ಹೊರಗ ಯಾಕ ಕುಂತಿ?"

"ಒಳಗ ಕರೀವಲ್ರು ಆಯಿ."

"ಹಂಗಾರ ಸುಮ್ಮ ಯಾಕ ಕುಂದರ್ತಿ? ಒಂದೀಟ ಬಾರಸು. ಮಳ್ಯಾಗ ಗಿರಾಕಿಲ್ಲ, ಬ್ಯಾಸರಾಗೈತಿ."

ಬಲಗೈಗೆ ತಬಲಾ ಇತ್ತು, ಎಡಗೈಗೆ ಡಗ್ಗಾ ಇರಲಿಲ್ಲ. ಕಲ್ಲವ್ವ ಸೊಪ್ಪಿಗೆ ನೀರು ಚಿಮುಕಿಸುವ ತನ್ನ ಬಕೀಟನ್ನು ಬರಿದು ಮಾಡಿ ಬೋರಲು ಹಾಕಿ ಕೊಟ್ಟಳು. ಹದಿನೈದರ ತನಕ ಆ ಕಿಟಕಿಯ ಒಳಗೆ ಕಲಿತದ್ದನ್ನು ನಾನು ಕಿಟಕಿಯ ಹೊರಗೆ ಕುಳಿತು ಬಾರಿಸಿದೆ. ಮಂದಿಯ ಮುಂದೆ ಬಾರಿಸಿದ್ದು ಅದೇ ಮೊದಲು. ಮೊದಲು ಮೆಲ್ಲಗೆ. ಆಮೇಲೆ ಓಣಿಯ ಮಗ್ಗದ ಜೊತೆ ಕೂಡಿಕೊಂಡೆ. ಕಾಯಿಪಲ್ಲೆ ಕೊಳ್ಳಲು ಬಂದವರು ಚೀಲ ಹಿಡಿದು ನಿಂತರು. ಯಾರೋ ಕೊಡೆಯೊಂದನ್ನು ತಬಲಾದ ಮೇಲೆ ಹಿಡಿದರು. ನನ್ನ ಮೇಲಲ್ಲ, ತಬಲಾದ ಮೇಲೆ. ನಮ್ಮ ಬೆಳಗಾವಿಯ ಮಂದಿಗೆ ಮಳೆಯಲ್ಲಿ ಯಾವುದನ್ನು ಕಾಯಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎದೆಯಲ್ಲಿ ಇದ್ದ ಸಿಟ್ಟೆಲ್ಲ ಕೈಗೆ ಇಳಿಯಿತು. ನಾನು ಮುಗಿಸುವುದಕ್ಕೆ ಕಾಯದೆ ಬಾಗಿಲು ಪೂರ್ತಿ ತೆರೆಯಿತು.

"ಎಡಗೈ ಹಿಂದ ಬೀಳತೈತಿ," ಎಂದರು ಅಪ್ಪ.

"ಎಡಗೈಯಾಗ ಬಕೀಟೈತ್ರಿ."

"ಬಕೀಟಿದ್ರೂ ಬೀಳಬಾರದು."

"ಹದಿನೈದಕ್ಕ ಕಲಸೂದು ಬಿಟ್ರಿ. ಅಲ್ಲೀತನಕ ಬಂದೈತಿ, ಮುಂದಿಂದು ಬಂದಿಲ್ಲ."

ಕಲ್ಲವ್ವ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಹೊಸ್ತಿಲು ಇಳಿದರು. ಹಾವುಗೆ ಹಾಕಿಕೊಳ್ಳದೆ ಬರಿಗಾಲಿನಲ್ಲಿ ಹಸಿ ನೆಲದ ಮೇಲೆ ನಿಂತು ಎರಡೂ ಕೈ ಚಾಚಿದರು. ನಾನು ಎದ್ದು ಆ ಕೈಗಳ ಮೇಲೆ ತಬಲಾ ಇಟ್ಟೆ. ಒಂದು ಗಳಿಗೆ ಅದು ನಾಲ್ಕು ಕೈಗಳಲ್ಲಿತ್ತು. ಅವರು ಅದನ್ನು ಹಿಡಿದು ಒಳಗೆ ಹೋದರು. ಅವ್ವ ಬಾಗಿಲಿಗೆ ಬಂದು ಕೈಸನ್ನೆಯಿಂದ ನನ್ನನ್ನು ಕರೆದಳು. ಇವರನ್ನೂ ಕರೆ ಎಂದು ನಾನು ಚಾಚಾರನ್ನು ತೋರಿಸಿದೆ. ಅವಳು ಒಳಗೆ ತಿರುಗಿ ನೋಡಿದಳು, ಮತ್ತೆ ಕರೆಯಲಿಲ್ಲ. ನಾನು ತಿರುಗಿ ಚಾಚಾರ ಬದಿಗೆ ಕಟ್ಟೆಯ ಮೇಲೆ ಕುಳಿತೆ.

ಒಳಗಿನಿಂದ ಒಂದು ಏಟು ಕೇಳಿಸಿತು. ಒಂದೇ. ಸ್ವರ ಸ್ವಲ್ಪ ಇಳಿದಿತ್ತು. ಇಳಿದಿರುತ್ತದೆಂದು ನನಗೆ ಗೊತ್ತಿತ್ತು. ನಾನೇ ಹಾಗೆ ತಂದಿದ್ದೆ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ. ಬಾರಿಸುವವರಿಗೆ ತಾಳ್ಮೆ ಇರುವುದಿಲ್ಲ, ಸುತ್ತಿಗೆ ಹಿಡಿದು ಬಡಿದು ಏರಿಸುತ್ತಾರೆ. ಆಮೇಲೆ ಬಿಸಿಲು ಬಿದ್ದಾಗ ಅದೇ ಚರ್ಮ ತಾನಾಗಿಯೂ ಬಿಗಿಯುತ್ತದೆ, ಎರಡು ಬಿಗಿತ ತಾಳಲಾರದೆ ಹರಿಯುತ್ತದೆ. ಇದೇ ತಬಲಾದ ಹಳೆಯ ಚರ್ಮ ಹರಿದದ್ದೂ ಹೀಗೆಯೇ. ದೊಡ್ಡ ವಾದಕರು ಮಾತ್ರ ಮಾಡುವ ತಪ್ಪು ಅದು. ಚಿಕ್ಕವರಿಗೆ ಸ್ವರ ಇಳಿದದ್ದು ಅಷ್ಟು ಚುಚ್ಚುವುದೇ ಇಲ್ಲ.

ಟಕ್. ಟಕ್. ಸುತ್ತಿಗೆ.

ನಾನು ಎದ್ದು ಕಿಟಕಿಗೆ ಮುಖ ಮಾಡಿ ನಿಂತೆ. "ಸುತ್ತಿಗಿ ಕೆಳಗಿಡ್ರಿ," ಎಂದೆ.

ಟಕ್ ಎನ್ನುವುದು ನಿಂತಿತು, ಕೆಳಗಿಟ್ಟ ಸದ್ದು ಬರಲಿಲ್ಲ.

"ಬೇಕಂತ ಇಳಸಿ ತಂದೀನ್ರಿ. ಮಳಿ ಕಡಿಮಿಯಾದ್ರ ಮೂರ ದಿನದಾಗ ತಾನ ಏರತೈತಿ. ಈಗ ಬಡದ್ರಿ ಅಂದ್ರ ಸಭಾದಾಗ ಹರದು ಕೈಯಾಗ ಬರತೈತಿ. ಹೋದ ಸಲ ಹರದದ್ದು ಇದಕ್ಕ. ಇಡ್ರಿ ಕೆಳಗ."

ಆ ಮನೆಯಲ್ಲಿ ಅಪ್ಪನ ಕೈಯಲ್ಲಿದ್ದ ಸುತ್ತಿಗೆಯ ಬಗ್ಗೆ ಯಾರೂ ಯಾವತ್ತೂ ಬಾಯಿ ತೆರೆದದ್ದಿಲ್ಲ, ಊರೂರಿನ ಗಾಯಕರೂ ಇಲ್ಲ.

ಸುತ್ತಿಗೆ ನೆಲಕ್ಕೆ ತಾಕಿದ ಸದ್ದು ಕೇಳಿಸಿತು. ಆಮೇಲೆ ಅಪ್ಪನ ದನಿ, ನನಗಲ್ಲ, ಶಿಷ್ಯರಿಗೆ.

"ಮೂರ ದಿನ ಅದನ್ನ ಯಾರೂ ಮುಟ್ಟಬ್ಯಾಡ್ರಿ. ಮಾಡಿದಾಕಿ ಹೇಳ್ಯಾಳ."

ಮಗಳು ಎನ್ನಲಿಲ್ಲ. ಎನ್ನಲಿ ಎಂದು ನಾನೂ ಬಂದಿರಲಿಲ್ಲ. ಚಾಚಾರ ಕೈ ಹಿಡಿದು ಎಬ್ಬಿಸಿದೆ. ಮರುದಿನ ಬೆಳಿಗ್ಗೆ ಕೊಡಬೇಕಾದ ಎರಡು ಮೃದಂಗಗಳಿದ್ದವು.